ದೀಪ ಬರೆಯದ ಜಾಗ

ಮಳೆ ನಿಂತು ಹೋಗಿದ್ದರೂ ಮೋಡಗಳಿನ್ನೂ ಊರ ಮೇಲಿಂದ ಕದಲದೆ, ಅಸ್ತಮಾನದ ಕೆಂಪನ್ನು ಬೂದಿ ಮುಚ್ಚಿದ ಕೆಂಡದಂತೆ ತಮ್ಮೊಳಗೇ ಅಡಗಿಸಿಕೊಂಡು ನಿಂತಿದ್ದ ಆ ಸಂಜೆ, ಆಸ್ಪತ್ರೆಯ ಬೀದಿಯಲ್ಲಿ ನಡೆಯುವವರೆಲ್ಲ ಯಾಕೋ ದನಿ ತಗ್ಗಿಸಿ ಮಾತಾಡುತ್ತಿದ್ದರು. ಬೀದಿಯ ಒಂದು ಬದಿಗೆ ಉದ್ದಕ್ಕೂ ಆಸ್ಪತ್ರೆಯ ಹಳೆಯ ಗೋಡೆ. ಗೋಡೆಗೆ ಬಿದಿರಿನ ಅಟ್ಟಣಿಗೆ. ಅಟ್ಟಣಿಗೆಯ ನೆತ್ತಿಯಿಂದ ನೆಲದವರೆಗೆ ಇಳಿಬಿದ್ದ ಗೋಣಿಬಟ್ಟೆಯ ಪರದೆ. ಗಾಳಿ ಬಂದಾಗ ಆ ಪರದೆ ಮೆಲ್ಲನೆ ಉಬ್ಬುತ್ತಿತ್ತು, ಗಾಳಿ ಅಡಗಿದಾಗ ಮೆಲ್ಲನೆ ಗೋಡೆಗೆ ಅಂಟಿಕೊಳ್ಳುತ್ತಿತ್ತು... ಅದರ ಹಿಂದೆ ಯಾರೋ ಸಾಲಾಗಿ ನಿಂತು, ಒಟ್ಟಿಗೇ ಉಸಿರೆಳೆದು ಒಟ್ಟಿಗೇ ಬಿಡುತ್ತಿದ್ದಾರೇನೋ ಎಂಬಂತೆ! ಸುಣ್ಣದ, ಹಸಿ ಬಣ್ಣದ, ನೆನೆದ ಗೋಣಿಯ ವಾಸನೆ ಬೀದಿಯ ಕೊನೆಯವರೆಗೂ ಬಂದು ದಾರಿಹೋಕರ ಬಟ್ಟೆಗೆ ಹತ್ತುತ್ತಿತ್ತು.

ಸಹೃದಯರೇ, ಗೋಡೆಗೆ ಹೆದರುವುದುಂಟೇ ಎಂದು ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆದರೆ ಹೆದರಿದವರಿಗೆ ಹಗ್ಗವೂ ಹಾವು. ಕೆಲಸ ಮುಗಿಸಿ ಮನೆಯತ್ತ ಹೊರಟಿದ್ದ ಆ ದಾದಿಗೆ ಅಂದು ಹಗ್ಗ, ಪರದೆ, ಗಾಳಿ, ಕೊನೆಗೆ ತನ್ನದೇ ನೆರಳು, ಎಲ್ಲವೂ ಹೆಡೆಯೆತ್ತಿ ನಿಂತಿದ್ದವು. ಅವಳು ಬೀದಿಯ ಆಚೆಯ ಬದಿಗೆ ದಾಟಿಕೊಂಡು, ಗೋಡೆಯತ್ತ ಮುಖ ಮಾಡದೆ ಬೇಗ ಬೇಗ ನಡೆದಳು.

ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಚಿಕ್ಕ ಸಿಸ್ಟರ್ ಎನ್ನುತ್ತಿದ್ದರು. ಅಂಜುಬುರುಕಿಯೆಂದು ಮಾತ್ರ ತಿಳಿಯಬೇಡಿ. ಯುದ್ಧಕಾಲದಲ್ಲಿ ಗಡಿಯ ಡೇರೆಗಳಲ್ಲಿ, ಲಾಟೀನಿನ ಮಂದಪ್ರಕಾಶದಲ್ಲಿ, ದೂರದ ಸ್ಫೋಟಕ್ಕೆ ಔಷಧದ ಸೀಸೆಗಳು ಕಿಣಿಕಿಣಿಯೆನ್ನುತ್ತಿರುವಾಗಲೂ ಕೈ ನಡುಗಿಸದೆ ಗಾಯಗಳನ್ನು ಹೊಲಿದು ಬಂದವಳು ಅವಳು. ಆ ಧೈರ್ಯವೆಲ್ಲ ಖರ್ಚಾಗಿ ಹೋದದ್ದು ಯುದ್ಧ ಮುಗಿದ ಮೇಲೆ. ಊರಿನ ಸೈನಿಕರು ಕೆಲವರು ನಡೆದು ಬಂದರು, ಕೆಲವರನ್ನು ಹೊತ್ತು ತಂದರು. ಅವಳ ಗಂಡ ಈ ಎರಡು ಬಗೆಯಲ್ಲಿ ಯಾವ ಬಗೆಯಲ್ಲೂ ಬರಲಿಲ್ಲ. "ಸುಳಿವಿಲ್ಲ" ಎಂದರು ಸೇನೆಯವರು. ಸತ್ತನೆಂದಲ್ಲ, ಬದುಕಿದ್ದಾನೆಂದೂ ಅಲ್ಲ... ಸುಳಿವಿಲ್ಲ. ಎರಡು ಮಳೆಗಾಲ ಕಳೆದರೂ ಆ ಒಂದು ಪದ ಮನೆಯ ಮೂಲೆಯಲ್ಲಿ ಕೂತೇ ಇತ್ತು. ಬೀದಿಯಲ್ಲಿ ಜೀಪಿನ ಸದ್ದಾದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ವಾರ್ಡಿನ ಬಾಗಿಲಲ್ಲಿ ಯಾರಾದರೂ ನಿಂತು ಕರೆದರೆ ಕೈಯಲ್ಲಿದ್ದ ತಟ್ಟೆ ತಾನಾಗಿ ಮೇಜಿಗೆ ಇಳಿಯುತ್ತಿತ್ತು.

ಇದು ಹೊರಗಿನ ಭಯ. ಒಳಗೊಂದಿತ್ತು, ಯಾರಿಗೂ ಹೇಳಲಾಗದ್ದು, ಹೇಳಿದರೆ ಲೋಕ ಛೀ ಎಂದೀತು ಎಂಬಂಥದ್ದು. ಗಂಡನ ಮುಖ ಅವಳಿಗೆ ಮರೆತುಹೋಗುತ್ತಿತ್ತು!

ಕಣ್ಣು ಮುಚ್ಚಿ ಕರೆದರೆ ದನಿ ಬರುತ್ತಿತ್ತು, ಸೋಪಿನ ವಾಸನೆ ಬರುತ್ತಿತ್ತು, ಮೆಟ್ಟಿಲು ಹತ್ತುವ ಹೆಜ್ಜೆಯ ಸದ್ದು ಬರುತ್ತಿತ್ತು. ಮುಖ ಮಾತ್ರ ನೀರಿನಲ್ಲಿ ಕಲಸಿಹೋದಂತೆ ಬರುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಫೋಟೋ. ಅದರಲ್ಲೂ ಸೇನೆಯ ಟೋಪಿ ಹುಬ್ಬಿನವರೆಗೆ ಇಳಿದು, ಗದರಿಸಿ ನಿಲ್ಲಿಸಿದಂತೆ ಬಿಗಿದುಕೊಂಡಿದ್ದ ಯಾರೋ ಒಬ್ಬ ಗಂಡಸು. ಅತ್ತೆ ಅದನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಸೊಸೆ ಕೇಳಿದರೆ ಕೊಡುತ್ತಿದ್ದರು, ಆದರೆ ಸೊಸೆ ಕೇಳುತ್ತಿರಲಿಲ್ಲ. ನೋಡಿಯೂ ಗುರುತು ಸಿಗದಿದ್ದರೆ?

ಗೋಡೆಯ ಮೇಲೆ ಚಿತ್ರ ಬರೆಸುವ ಸಂಕಲ್ಪ ಮಾಡಿದವರು ಆಸ್ಪತ್ರೆಯ ನಿವೃತ್ತ ಕಾಂಪೌಂಡರ್. ಈ ಬೀದಿಗಳಿಂದ ಯುದ್ಧಕ್ಕೆ ಹೋದ ಸೈನಿಕರನ್ನೂ ದಾದಿಯರನ್ನೂ ಆಳೆತ್ತರಕ್ಕೆ ಬರೆಸಬೇಕು, ಬರೆಯುವಾಗ ಬೀದಿಯವರೆಲ್ಲ ಕೈ ಹಚ್ಚಬೇಕು ಎಂದು ಅವರು ಮನೆ ಮನೆ ಸುತ್ತಿ, ಶಾಲೆಯಲ್ಲಿ ಚಿತ್ರ ಕಲಿಸುವ ಬಣ್ಣದ ಮೇಷ್ಟ್ರನ್ನು ಹಿಡಿದು ತಂದಿದ್ದರು. ಒಂದೇ ಒಂದು ನಿಯಮ. ಮಡಿದವರ ಪಾದದ ಬಳಿ ಉರಿಯುವ ದೀಪವೊಂದನ್ನು ಬರೆಯುವುದು. ಬದುಕಿ ಬಂದವರ ಪಾದದ ಬಳಿ ಏನನ್ನೂ ಬರೆಯದಿರುವುದು. ದೊಡ್ಡ ಸಿಸ್ಟರ್ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯ ದಾದಿಯ ಪಾದದ ಬಳಿ ದೀಪ ಆಗಲೇ ಉರಿಯುತ್ತಿತ್ತು. ಡೇರೆಗೆ ಬೆಂಕಿ ಬಿದ್ದಾಗ ಗಾಯಾಳುಗಳನ್ನೆಲ್ಲ ಹೊರಗೆಳೆದು, ಉಳಿದ ಒಬ್ಬನಿಗಾಗಿ ಮತ್ತೆ ಒಳಗೆ ಹೋದಾಕೆ ಆಕೆ. ಆ ದೀಪದ ಬಗ್ಗೆ ನಮ್ಮ ಚಿಕ್ಕ ಸಿಸ್ಟರಿಗೆ ತಕರಾರಿರಲಿಲ್ಲ. ಆ ಕಣ್ಣುಗಳನ್ನು ಮುಚ್ಚಿದ್ದು ಅವಳದೇ ಕೈ. ಆದರೆ ಯಾರೂ ಕಣ್ಣು ಮುಚ್ಚದವನ ಪಾದಕ್ಕೆ ದೀಪವೆಂದರೇನು!

ಅಂದು ಮಧ್ಯಾಹ್ನ ಕಾಂಪೌಂಡರ್ ವಾರ್ಡಿಗೇ ಬಂದು ಹೇಳಿದ್ದರು.

"ನಾಳೆ ಅತ್ತೆ ಸೊಸೆ ಇಬ್ರೂ ಬಂದು ಮುಖ ನೋಡಿಬಿಡಿ ಸಿಸ್ಟರ್. ಸರಿಯಾಗಿದೆ ಅಂತ ನೀವು ಹೇಳ್ಬೇಕು. ಹಾಗೇ ದೀಪದ್ದೂ ಒಂದು ತೀರ್ಮಾನ ಆಗ್ಬೇಕು. ನಾಡಿದ್ದು ಪರದೆ ತೆಗೀತೀವಿ."

"ದೀಪದ ಮಾತು ನಾನೇ ಹೇಳ್ಬೇಕಾ?"

"ನೀವು, ಇಲ್ಲ ಅವರ ತಾಯಿ. ಬೇರೆ ಯಾರಿಗೆ ಬಾಯಿ ಬರುತ್ತೆ ಹೇಳಿ," ಎಂದು ಅವರು ಕನ್ನಡಕ ತೆಗೆದು ಸುಮ್ಮನೆ ಒರೆಸಿದ್ದರು.

ಈಗ ಅರ್ಥವಾಯಿತಲ್ಲ, ಅವಳ ಕಾಲು ಯಾಕೆ ಅಷ್ಟು ಬೇಗ ಹೋಗುತ್ತಿತ್ತೆಂದು? ಗೋಡೆಯ ಮುಂದೆ ನಿಲ್ಲಿಸಿ, ಇವನೇನಾ ನಿನ್ನ ಗಂಡ ಎಂದು ಕೇಳುತ್ತಾರೆ. ಮೇಷ್ಟ್ರು ಯಾರ ಮುಖ ಬರೆದಿದ್ದರೂ ತಾನು ಹೌದೆಂದು ತಲೆಯಾಡಿಸಿಬಿಟ್ಟರೆ? ಯಾವನೋ ಅಪರಿಚಿತನನ್ನು ಗಂಡನೆಂದು ಒಪ್ಪಿ, ಅವನ ಪಾದಕ್ಕೆ ದೀಪವನ್ನೂ ಇಡಿಸಿ, ತನ್ನವನನ್ನು ತಾನೇ ಎರಡೆರಡು ಸಲ ಕಳೆದುಕೊಂಡರೆ?

ಮನೆಯೆಂದರೆ ಒಂದು ಕಿರಿದಾದ ಕೋಣೆ, ಅದರ ಹಿಂದೆ ಅದಕ್ಕಿಂತ ಕಿರಿದಾದ ಅಡುಗೆಮನೆ. ಅತ್ತೆ ಕಿಟಕಿಯ ಕೊನೆಯ ಬೆಳಕಿನಲ್ಲಿ ದರ್ಜಿಯಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತ ಕೂತಿದ್ದರು. ಸೊಸೆ ಚಪ್ಪಲಿ ಬಿಡುವ ಮೊದಲೇ ತಲೆಯೆತ್ತದೆ ನುಡಿದರು.

"ಕಾಂಪೌಂಡರ್ ಇಲ್ಲಿಗೂ ಬಂದಿದ್ರು. ಬರೆಸಿಬಿಡೋಣ ಕಣೇ ದೀಪಾನ."

"ಅತ್ತೆ, ಇವತ್ತು ಬೇಡ ಆ ಮಾತು."

"ಎಷ್ಟು ದಿನ ಅಂತ ಬಾಗಿಲಿಗೆ ಚಿಲಕ ಹಾಕದೆ ಮಲಗಲಿ ನಾನು? ಗಾಳಿ ತಳ್ಳಿದ್ರೆ ಎದ್ದು ಕೂರ್ತೀನಿ. ಬೆಕ್ಕು ತಳ್ಳಿದ್ರೂ ಎದ್ದು ಕೂರ್ತೀನಿ. ಹೀಗೇ ಒಂದಿನ ನನ್ನ ಕಣ್ಣು ಮುಚ್ಚಿಹೋದ್ರೆ ಅವನ ಹೆಸರಲ್ಲಿ ಅಳೋರು ಯಾರು? ಅದೊಂದೇ ಭಯ ನನಗೆ."

ಚಿಲಕದ ಮಾತಿಗೆ ಒಂದು ಹಿನ್ನೆಲೆಯಿದೆ. ಮಗ ತೆವಳುವ ವಯಸ್ಸಿನಲ್ಲಿ ಅವರೇ ಅವಸರದಲ್ಲಿ ಎಳೆದ ಬಾಗಿಲಿನ ಕೆಳಗಿನ ಚಿಲಕ ತಾಗಿ, ಅವನ ಎಡಹುಬ್ಬು ನಡುವೆ ಸೀಳಿಹೋಗಿತ್ತು. ಸೀಳಿದ ಕಡೆ ಮತ್ತೆ ಕೂದಲು ಬೆಳೆಯಲಿಲ್ಲ. ಫೋಟೋದ ಟೋಪಿ ಆ ಗುರುತನ್ನು ಮುಚ್ಚಿದ್ದರಿಂದ, ಅತ್ತೆ ತಾವೇ ಬಣ್ಣದ ಮೇಷ್ಟ್ರ ಪಕ್ಕ ಕೂತು, ಬೆರಳಿಟ್ಟು ತೋರಿಸಿ, ಟೋಪಿ ತೆಗೆಸಿ, ಬೈತಲೆ ಹೀಗೆ, ನಗು ಹೀಗೆ ಎಂದು ಹೇಳಿ, ಎಡಹುಬ್ಬಿಗೆ ಗಾಯ ಬರೆಸಿ, ಫೋಟೋವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಿದ್ದರು.

ಗೋಡೆಯ ಮೇಲೆ, ಕಿಟಕಿಯ ಎದುರಿಗೆ, ಮೂಲೆಯಲ್ಲಿ ಪಾದರಸ ಕಪ್ಪಾದ ಒಂದು ಕನ್ನಡಿ ತೂಗುತ್ತಿತ್ತು. ಚಿಕ್ಕ ಸಿಸ್ಟರ್ ಅದರಲ್ಲಿ ಮುಖ ನೋಡಿಕೊಳ್ಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಅಯ್ಯೋ, ಆ ಕನ್ನಡಿ! ಮದುವೆಯಾಗಿ ಅವರಿಬ್ಬರೂ ಒಟ್ಟಿಗೆ ಕಳೆದದ್ದು ಒಂದೇ ಒಂದು ವಸಂತ. ಚಿಗುರು ಎಲೆಯಾಗುವ ಮೊದಲೇ ಅವನನ್ನು ಗಡಿ ಕರೆಯಿತು, ಅವಳನ್ನು ಡೇರೆ ಕರೆಯಿತು. ಆ ಅಲ್ಪಾವಧಿಯಲ್ಲಿ ಅವಳು ಅವನನ್ನು ಎದುರೆದುರು ನಿಂತು ನೋಡಿದ್ದೇ ಕಡಿಮೆ. ನಾಚಿಕೆ! ಅವನು ಎದುರು ಬಂದರೆ ಕಣ್ಣು ತಾನಾಗಿ ಅವನ ಅಂಗಿಯ ಗುಂಡಿಗೆ ಇಳಿಯುತ್ತಿತ್ತು. ಆದರೆ ಪ್ರತಿ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ಒಂದೇ ಕನ್ನಡಿಯ ಮುಂದೆ ಅವಳು ಟೋಪಿಗೆ ಪಿನ್ನು ಸಿಕ್ಕಿಸುವಾಗ, ಅವನು ಅವಳ ಭುಜದ ಹಿಂದೆ ನಿಂತು ಕಾಲರು ಸರಿಪಡಿಸಿಕೊಳ್ಳುತ್ತಿದ್ದ. ಕನ್ನಡಿಯೊಳಗಿನ ಗಂಡನನ್ನು ನೋಡುವುದಕ್ಕೆ ನಾಚಿಕೆಯ ಅಡ್ಡಿಯಿರಲಿಲ್ಲ. ಅಲ್ಲಿ ಅವಳು ಮನದಣಿಯೆ ನೋಡುತ್ತಿದ್ದಳು. ಅವನು ಅದನ್ನು ಕಂಡುಹಿಡಿದು, ತುಟಿಯ ಒಂದು ಕೊನೆಯನ್ನು ಮಾತ್ರ ಎತ್ತಿ ನಗುತ್ತಿದ್ದ. "ಹಿಂದೆ ತಿರುಗಿ ನೋಡಿದ್ರೆ ದಂಡ ಹಾಕ್ತಾರಾ?" ಎನ್ನುತ್ತಿದ್ದ. ಅವಳು ಬೇಕೆಂದೇ ತಿರುಗುತ್ತಿರಲಿಲ್ಲ.

ಇನ್ನು ಆ ಕಾಗದದ ವಿಚಾರ. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯಲಾರದು. ಬಣ್ಣದ ಮೇಷ್ಟ್ರು ಪ್ರತಿ ಮುಖವನ್ನೂ ಮೊದಲು ತೆಳ್ಳನೆಯ ಕಾಗದದ ಮೇಲೆ ಪೆನ್ಸಿಲಿನಲ್ಲಿ ಪೂರ್ಣಗಾತ್ರಕ್ಕೆ ಬರೆದು ಅವರವರ ಮನೆಗೇ ಕಳಿಸಿದ್ದರು. ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚುವುದು ಮನೆಯವರ ಸೇವೆ. ಆ ಕಾಗದವನ್ನು ಗೋಡೆಗೆ ಅಂಟಿಸಿ, ಇದ್ದಿಲ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟಿದರೆ, ಪುಡಿ ತೂತುಗಳಲ್ಲಿ ನುಸುಳಿ, ಗೋಡೆಯ ಮೇಲೆ ಮುಖ ಚುಕ್ಕಿ ಚುಕ್ಕಿಯಾಗಿ ಇಳಿಯುತ್ತದೆ. ಆಮೇಲೆ ಕುಂಚದ ಕೆಲಸ.

ಆ ಕಾಗದ ಮನೆಗೆ ಬಂದ ದಿನ ಚಿಕ್ಕ ಸಿಸ್ಟರ್ ಸೂಜಿ ಹಿಡಿದು ಕೂತಿದ್ದಳು. ಸಾವಿರ ತೋಳುಗಳಿಗೆ ಸೂಜಿ ಚುಚ್ಚಿದ ಕೈ ಅದು. ಕಾಗದದಿಂದ ಪೆನ್ಸಿಲಿನ ಎರಡು ಕಣ್ಣುಗಳು ಅವಳನ್ನು ನೆಟ್ಟನೆ ನೋಡುತ್ತಿದ್ದವು. ಗುರುತು ಹಿಡಿಯೇ ಎನ್ನುತ್ತಿದ್ದವು. ಸೂಜಿಯ ಮೊನೆ ರೆಪ್ಪೆಯ ಬಳಿ ಬಂದದ್ದೇ ತಡ, ಆ ಕೈ ಮುಂದೆ ಹೋಗಲಿಲ್ಲ. ಅತ್ತೆ ಅಡುಗೆಮನೆಯಲ್ಲಿದ್ದರು. ಅವಳು ತಟ್ಟನೆ ಕಾಗದವನ್ನು ಮಗುಚಿ ಹಾಕಿದಳು. ಬೆನ್ನಿನ ಕಡೆಯಿಂದ ಗೆರೆಗಳು ಮಸುಕಾಗಿ ಕಾಣುತ್ತಿದ್ದವು, ಮುಖ ನಿದ್ದೆಯಲ್ಲಿರುವಂತಿತ್ತು. ಹಾಗೆ ಮಲಗಿದ್ದವನನ್ನು ಎಬ್ಬಿಸದಂತೆ, ಉಸಿರು ಬಿಗಿಹಿಡಿದು, ಅವಳು ತೂತು ಚುಚ್ಚಿ ಮುಗಿಸಿ, ಸುರುಳಿ ಸುತ್ತಿ ಮೇಷ್ಟ್ರಿಗೆ ಕೊಟ್ಟಿದ್ದಳು. ಯಾರಿಗೂ ಏನೂ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆ ಸೊಸೆ, ಕಾಂಪೌಂಡರ್ ಮತ್ತು ಬಣ್ಣದ ಮೇಷ್ಟ್ರ ಹಿಂದೆ, ಪರದೆಯ ಒಳಗೆ ಕಾಲಿಟ್ಟರು. ಹೊರಗೆ ಬಿಸಿಲು, ಒಳಗೆ ಗೋಣಿಯ ನೇಯ್ಗೆಯಲ್ಲಿ ಸೋಸಿ ಬಂದ ಕಂದು ಬೆಳಕು. ಬಿದಿರುಗಳ ನಡುವಿನ ಆ ಇಕ್ಕಟ್ಟಾದ ಓಣಿಯಲ್ಲಿ, ಒಂದೊಂದು ಹೆಜ್ಜೆಗೂ ಗೋಡೆಯಿಂದ ಒಬ್ಬೊಬ್ಬರು ಎದುರಾಗುತ್ತಿದ್ದರು. ತೋಳು ಕಳೆದುಕೊಂಡು ಬಂದ ಅಂಚೆಯವನ ಅಣ್ಣ. ಮೂಲೆಮನೆಯ ಅವಳಿಗಳು, ಇಬ್ಬರ ಪಾದದ ಬಳಿಯೂ ದೀಪ. ಬ್ಯಾಂಡೇಜಿನ ಸುರುಳಿ ಹಿಡಿದು ನಿಂತ ದೊಡ್ಡ ಸಿಸ್ಟರ್. ಮುಂದಿನದಕ್ಕೆ ಮೇಷ್ಟ್ರು ಒಂದು ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಅದರ ಕೆಳಗೆ ಪಾದಗಳು ಕಾಣುತ್ತಿದ್ದವು. ಪಾದಗಳ ಪಕ್ಕದಲ್ಲಿ, ದೀಪದಷ್ಟೇ ಅಗಲದ, ಸುಣ್ಣ ಮಾತ್ರ ಬಳಿದ ಒಂದು ಖಾಲಿ ಜಾಗ.

ಅವಳು ಕಣ್ಣು ಮುಚ್ಚಿಕೊಂಡಳು. ಬಟ್ಟೆ ಸರಿದ ಸದ್ದಾಯಿತು. ಯಾರೋ ಕೆಮ್ಮಿದರು. ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಕಣ್ಣು ತೆರೆದಳು...

ತೆರೆದವಳು ಗೋಡೆಯನ್ನು ನೋಡಿ, ಮರುಕ್ಷಣವೇ ಸರಕ್ಕನೆ ಹಿಂದೆ ತಿರುಗಿದಳು!

ಹಿಂದೆ ಯಾರೂ ಇರಲಿಲ್ಲ. ಗೋಣಿಯ ಪರದೆ ಗಾಳಿಗೆ ಉಬ್ಬಿ ಅವಳ ಭುಜಕ್ಕೆ ತಾಗಿ ಹೋಯಿತು, ಅಷ್ಟೇ. ಕಾಂಪೌಂಡರ್ ಗಾಬರಿಯಾಗಿ ತೋಳು ಹಿಡಿದರು.

"ಏನಾಯ್ತು ಸಿಸ್ಟರ್?"

"ಇವರೇ," ಎಂದಳು ಅವಳು, ಮತ್ತೆ ಗೋಡೆಗೆ ತಿರುಗಿ. ದನಿ ಅವಳದೆಂದು ಅವಳಿಗೇ ಅನ್ನಿಸಲಿಲ್ಲ. "ಇವರೇ. ಕಾಲರು ಸರಿಮಾಡ್ಕೊಳ್ಳೋವಾಗ ಹೀಗೇ ಇರ್ತಾರೆ. ಹಿಂದೇನೇ ನಿಂತಿದ್ದಾರೆ ಅನ್ನಿಸ್ತು."

ನಿಜವಾಗಿಯೂ ಅವನೇ. ಸೀಳಿದ ಹುಬ್ಬು, ಒಂದೇ ಕೊನೆಯಲ್ಲಿ ಎದ್ದ ತುಟಿ, ಬೈತಲೆಯ ಓರೆ, ಎರಡು ಮಳೆಗಾಲ ಮುಳುಗಿದ್ದ ಮುಖವೆಲ್ಲ ಒಮ್ಮೆಗೇ ಮೇಲಕ್ಕೆ ಬಂದು ಅವಳನ್ನು ನೋಡುತ್ತಿತ್ತು. ಮರೆತಿರಲಿಲ್ಲ, ತಾನು ಮರೆತಿರಲಿಲ್ಲ! ಅವಳಿಗೆ ಅಲ್ಲೇ ಕುಸಿದು ಕೂತು ಅತ್ತುಬಿಡೋಣವೆನ್ನಿಸಿತು. ಆಗ ಪಕ್ಕದಿಂದ ಅತ್ತೆಯ ಮಾತು ಬಂತು, ತಣ್ಣಗೆ, ಮೆಲ್ಲಗೆ.

"ಇವನು ನನ್ನ ಮಗ ಅಲ್ಲ."

ಅತ್ತೆಯ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಕಣ್ಣುಗಳಲ್ಲಿ ಸೊಸೆ ಎಂದೂ ಕಾಣದ ಭಯವಿತ್ತು.

"ಯಾರೋ ಬೇರೆಯವರು ಇದು. ಅವನ ಹಾಗೇ ಇದ್ದಾನೆ, ಆದ್ರೆ ಅವನಲ್ಲ. ಗಾಯ ನೋಡು, ಬಲಹುಬ್ಬಿಗಿದೆ. ಚಿಲಕ ಎಳೆದಿದ್ದು ನಾನು ಕಣೇ, ನನಗೆ ಗೊತ್ತಿಲ್ವಾ ಯಾವ ಹುಬ್ಬು ಅಂತ? ಮುಖ ಪೂರ್ತಿ ಏನೋ ಆಗಿಬಿಟ್ಟಿದೆ. ಇವನಿಗೆ ದೀಪ ಇಡು ಅಂತ ಹೇಗೆ ಹೇಳಲಿ?"

ಹೆತ್ತವಳೊಬ್ಬಳು, ವರಿಸಿದವಳೊಬ್ಬಳು, ಒಂದೇ ಮುಖದ ಮುಂದೆ ಒಬ್ಬಳು ಹೌದೆನ್ನುತ್ತಾಳೆ, ಒಬ್ಬಳು ಅಲ್ಲವೆನ್ನುತ್ತಾಳೆ. ಸೊಸೆಯ ನೆಮ್ಮದಿ ಬಂದಷ್ಟೇ ಬೇಗ ಹಾರಿಹೋಯಿತು. ತಾಯಿಯ ಕಣ್ಣು ತಪ್ಪುವುದುಂಟೇ? ಹಾಗಾದರೆ ತನ್ನ ಕಣ್ಣೇ ತಪ್ಪಿತೇ? ತಾನು ಭಯಪಟ್ಟದ್ದೇ ಆಯಿತೇ?

ಬಣ್ಣದ ಮೇಷ್ಟ್ರ ಮುಖ ಸುಣ್ಣವಾಗಿತ್ತು. ಅವರು ಮೂಲೆಯ ಬುಟ್ಟಿಯಿಂದ ಆ ಕಾಗದದ ಸುರುಳಿಯನ್ನು ಹುಡುಕಿ ತೆಗೆದು, ಬಿಚ್ಚಿ, ಎರಡೂ ಬದಿಗಳ ಮೇಲೆ ಬೆರಳಾಡಿಸಿದರು. ಇದ್ದಿಲ ಪುಡಿ ಹತ್ತಿ ಗೆರೆಗಳು ಎರಡೂ ಕಡೆ ಒಂದೇ ಆಗಿದ್ದವು.

"ಸೂಜಿ ಹೊರಗೆ ಬರೋ ಕಡೆ ಕಾಗದ ಒರಟಾಗಿರುತ್ತೆ. ಆ ಒರಟು ಬದೀನ ಗೋಡೆಗೆ ಹಾಕೋದು ನಾನು. ಈ ಮಬ್ಬಲ್ಲಿ ಕಣ್ಣಿಗಿಂತ ಬೆರಳನ್ನೇ ನಂಬ್ತೀನಿ," ಎಂದರು. ಮತ್ತೊಮ್ಮೆ ಸವರಿದರು. "ಇದನ್ನ ಹಿಂದಿನ ಕಡೆಯಿಂದ ಚುಚ್ಚಿದ್ದಾರೆ. ಮುಖ ಎಡಬಲ ಅದಲುಬದಲಾಗಿ ಇಳಿದಿದೆ."

ಚಿಕ್ಕ ಸಿಸ್ಟರ್ ಬಾಯಿಗೆ ಕೈಯಿಟ್ಟುಕೊಂಡಳು. ಮಲಗಿದ್ದವನನ್ನು ಎಬ್ಬಿಸಬಾರದೆಂದು ಮಗುಚಿದ ಕಾಗದ... ಎಡಬಲ ಅದಲುಬದಲಾದ ಮುಖ... ಭುಜದ ಹಿಂದೆ ನಿಂತು ಕಾಲರು ಸರಿಪಡಿಸಿಕೊಳ್ಳುವ ಮುಖ! ಅವಳು ಪರದೆ ಸರಿಸಿ ಹೊರಗೋಡಿದಳು. ಸಮವಸ್ತ್ರದಲ್ಲಿ ಓಡುವ ದಾದಿಯನ್ನು ಕಂಡು, ಯಾರಿಗೆ ಏನಾಯಿತೋ ಎಂದು ಬೀದಿಯೇ ಬೆಚ್ಚಿ ದಾರಿ ಬಿಟ್ಟಿತು. ಮರಳಿ ಬಂದಾಗ ಅವಳು ಎದೆಗವಚಿಕೊಂಡಿದ್ದುದು ಗೋಡೆಯ ಮೊಳೆಯಿಂದ ಕಿತ್ತು ತಂದ ಆ ಕನ್ನಡಿ.

ಅತ್ತೆ ಅದನ್ನು ನೋಡಿ ನಿಟ್ಟುಸಿರಿಟ್ಟರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮಗಳೇ? ಕಣ್ಣಿಗೇ ಕಾಣ್ತಿದೆಯಲ್ಲ."

"ನನ್ನ ಮೇಲೆ ಆಣೆ, ಒಂದು ಸಲ ಅತ್ತೆ. ಗೋಡೆಗೆ ಬೆನ್ನು ಹಾಕಿ ನಿಂತ್ಕೊಳ್ಳಿ."

ಅತ್ತೆ ತಿರುಗಿ ನಿಂತರು. ಸೊಸೆ ಕನ್ನಡಿಯನ್ನು ಅವರ ಮುಖದ ಮುಂದೆ ಎತ್ತಿ ಹಿಡಿದಳು. ಮೊದಲು ಬರೀ ಬಿದಿರು ಕಂಡಿತು, ಆಮೇಲೆ ಅತ್ತೆಯ ನೆರೆತ ತಲೆ, ಆಮೇಲೆ ಆ ತಲೆಯ ಹಿಂದೆ ಮೆಲ್ಲನೆ ಒಳಗೆ ಬಂದು ನಿಂತ ಇನ್ನೊಂದು ಮುಖ. ಎಡಹುಬ್ಬಿನಲ್ಲಿ ಸೀಳು. ಹೊಸ್ತಿಲಲ್ಲಿ ನಿಂತು, ಊಟಕ್ಕೇನಿದೆ ಎಂದು ಕೇಳುವ ಮೊದಲಿನ ಆ ನಗು.

ಅತ್ತೆಯ ಕೈ ಮೇಲೆದ್ದು, ಗೋಡೆಯ ಕಡೆಗಲ್ಲ, ಕನ್ನಡಿಯ ಕಡೆಗೆ ಹೋಗಿ, ಗಾಜಿನೊಳಗಿನ ಎಡಹುಬ್ಬನ್ನು ಸವರಿತು. ಬಹಳ ಹೊತ್ತು ಸವರಿತು. ಸೊಸೆಯ ತೋಳು ಸೋತರೂ ಅವಳು ಕನ್ನಡಿ ಇಳಿಸಲಿಲ್ಲ.

"ನನ್ನ ಕಣ್ಣಿಗೆ ಹೀಗಿದ್ದ," ಎಂದರು ಅತ್ತೆ ಕೊನೆಗೆ. "ನಿನ್ನ ಕಣ್ಣಿಗೆ ಹಾಗಿದ್ನಾ?"

ಅವಳು ತಲೆಯಾಡಿಸಿದಳು. ಕಣ್ಣೀರು ಈಗ ತಡೆಯಿಲ್ಲದೆ ಇಳಿಯುತ್ತಿತ್ತು.

ಮೇಷ್ಟ್ರು ಹತ್ತಿರ ಬಂದು ಕೈ ಜೋಡಿಸಿದರು. "ಅಮ್ಮಾ, ತಪ್ಪು ನನ್ನದು. ಇವತ್ತೇ ಕೆರೆದು ಹಾಕಿ ಮತ್ತೆ ಬರೀತೀನಿ."

ಅತ್ತೆ ಮೂಗೊರೆಸಿಕೊಂಡು ಗೋಡೆಯತ್ತ ತಿರುಗಿ, ಬಲಹುಬ್ಬಿನ ಗಾಯವನ್ನು ಒಮ್ಮೆ ನೋಡಿದರು. ಪಾದದ ಬಳಿಯ ಖಾಲಿ ಜಾಗವನ್ನು ಒಮ್ಮೆ ನೋಡಿದರು.

"ಬೇಡ. ಹಾಗೇ ಇರಲಿ. ಅಂಗಿಗೆ ಒಂದು ಗುಂಡಿ ಬಣ್ಣ ತಪ್ಪಿ ಹೊಲಿದ್ರೆ ಸೂರು ಹಾರಿಹೋಗೋ ಹಾಗೆ ಜಗಳ ಆಡ್ತಿದ್ದ ಅವನು. ಮುಖಾನೇ ತಪ್ಪು ಬರೆದಿದ್ದಾರೆ ಅಂದ್ರೆ ಸುಮ್ನಿರ್ತಾನಾ? ಎಲ್ಲಿದ್ರೂ ಬರ್ತಾನೆ ಜಗಳಕ್ಕೆ. ಬರಲಿ."

"ಮತ್ತೆ ದೀಪ?" ಎಂದರು ಕಾಂಪೌಂಡರ್, ಅಂಜುತ್ತಲೇ.

ಅತ್ತೆ ಸೊಸೆಯನ್ನು ನೋಡಿದರು. ಸೊಸೆ ಅತ್ತೆಯನ್ನು ನೋಡಿದಳು.

"ಬೇಡ," ಎಂದಳು ಚಿಕ್ಕ ಸಿಸ್ಟರ್. "ಮುಖ ಸರಿಯಿದ್ಯಾ ಅಂತ ಅವರೇ ಬಂದು ಹೇಳ್ಲಿ. ಅಲ್ಲಿವರೆಗೂ ಜಾಗ ಖಾಲಿ ಇರಲಿ."

ಮರುದಿನ ಪರದೆ ಇಳಿಯಿತು. ಇಡೀ ಬೀದಿ ಗೋಡೆಯ ಮುಂದೆ ನೆರೆದು, ತಮ್ಮ ತಮ್ಮವರನ್ನು ಕಂಡು, ಬೆರಳು ತೋರಿಸಿ, ಅತ್ತು, ನಕ್ಕು, ಕತ್ತಲಾಗುವ ಮುಂಚೆ ಮನೆಗೆ ಹೋಯಿತು. ದೀಪಗಳ ಸಾಲಿನಲ್ಲಿ ಒಂದು ಕಡೆ ಬೆಳ್ಳಗೆ ಉಳಿದ ಜಾಗವನ್ನು ಕಂಡು ಕೆಲವರು ಪ್ರಶ್ನಿಸಲು ಬಾಯಿ ತೆರೆದರು. ಗೊತ್ತಿದ್ದವರು ಅವರ ಕೈ ಅದುಮಿದರು. ಅಂದಿನಿಂದ ಅತ್ತೆ ದರ್ಜಿಯಂಗಡಿಗೆ ಹೋಗುವಾಗ ಸೊಂಟದ ಚೀಲದಲ್ಲಿ ಅಂಗೈಯಗಲದ ಕನ್ನಡಿಯೊಂದನ್ನು ಇಟ್ಟುಕೊಳ್ಳುತ್ತಾರೆ. ಗೋಡೆಗೆ ಬೆನ್ನು ಹಾಕಿ ನಿಂತು, ಬೊಟ್ಟು ಸರಿಪಡಿಸಿಕೊಳ್ಳುವ ನೆಪದಲ್ಲಿ, ಮಗನನ್ನು ನೋಡಿಕೊಂಡು ಮುಂದೆ ನಡೆಯುತ್ತಾರೆ. ರಾತ್ರಿ ಬಾಗಿಲಿಗೆ ಚಿಲಕ ಹಾಕುವುದಿಲ್ಲ.

ಚಿಕ್ಕ ಸಿಸ್ಟರಿಗೆ ಕನ್ನಡಿ ಬೇಡ. ಜೀಪಿನ ಸದ್ದಿಗೆ ಅವಳ ಎದೆ ಇಂದಿಗೂ ಧಸಕ್ಕೆನ್ನುತ್ತದೆ; ವಾರ್ಡಿನ ಬಾಗಿಲಲ್ಲಿ ಯಾರಾದರೂ ನಿಂತರೆ ಇಂದಿಗೂ ತಟ್ಟೆ ಮೇಜಿಗಿಳಿಯುತ್ತದೆ. ಆ ಭಯ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಸಂಜೆ ಮನೆಗೆ ಹೊರಟಾಗ ಮಾತ್ರ ಅವಳು ಆಚೆಯ ಬದಿಗೆ ದಾಟುವುದನ್ನು ಬಿಟ್ಟು, ಗೋಡೆಯ ಪಕ್ಕದಲ್ಲೇ ನಡೆದು ಬಂದು, ಅವನೆದುರು ನಿಲ್ಲುತ್ತಾಳೆ. ನಿಂತು ಮನದಣಿಯೆ ನೋಡುತ್ತಾಳೆ. ಆಮೇಲೆ, ಒಂದು ವಸಂತವೆಲ್ಲ ಬೇಕೆಂದೇ ತಿರುಗದಿದ್ದವಳು, ನಿಧಾನವಾಗಿ ಹಿಂದೆ ತಿರುಗಿ ಬೀದಿಯನ್ನು ನೋಡುತ್ತಾಳೆ.

ಸಹೃದಯರೇ, ಪ್ರೀತಿಯೆಂದರೆ ಧೈರ್ಯವೆಂದು ಹಾಡುವವರಿದ್ದಾರೆ. ಅವರು ಯಾರಿಗೂ ಕಾದವರಲ್ಲವೆಂದು ನನಗೆ ತೋರುತ್ತದೆ. ಕಾಯುವವರ ಎದೆಯಲ್ಲಿ ಪ್ರೀತಿ ಮತ್ತು ಭಯ ಬೇರೆ ಬೇರೆ ಕೋಣೆಗಳಲ್ಲಿ ವಾಸಿಸುವುದಿಲ್ಲ. ಒಂದೇ ಇಕ್ಕಟ್ಟಾದ ಮನೆಯಲ್ಲಿ, ಒಂದೇ ಕನ್ನಡಿಯ ಮುಂದೆ, ಒಂದರ ಹಿಂದೊಂದು ನಿಂತಿರುತ್ತವೆ. ಬೀದಿ ಖಾಲಿಯಾಗಿರುತ್ತದೆಂದು ಅವಳಿಗೆ ಗೊತ್ತು. ಖಾಲಿಯಾಗಿರದಿದ್ದರೆ ಎಂಬ ಭಯದಿಂದಲೇ ಅವಳ ಮೈ ನಡುಗುತ್ತದೆ... ಆದರೂ ದಿನವೂ ಒಮ್ಮೆ ಅವಳು ತಿರುಗಿ ನೋಡುತ್ತಾಳೆ.